ಗುಡ್ಡದ ಮೇಲಿನ ಹಸಿರು ದೀಪ

ಆಕಾಶದಲ್ಲಿ ಹರಿಯುವ ಗಾಳಿಯ ಹೊಳೆಯನ್ನು ಮನುಷ್ಯ ತನಗೆ ಬೇಕಾದ ಜಾಗದಲ್ಲಿ ಹಿಡಿದು ನಿಲ್ಲಿಸುವಂತಾದರೆ ಏನಾದೀತು? ಮೊದಲು ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಲೇಖನಗಳು ಬಂದವು. ಆಮೇಲೆ ನಿಜವಾಗಿಯೂ ಹಿಡಿದು ನಿಲ್ಲಿಸಿದರು. ಅದಾದ ಮೇಲೆ ನಡೆದದ್ದು ಮಾತ್ರ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಹಾಸರಗಿಯ ಭೀಮಶಾನಿಗೆ ಉಸಿರಾಡುವುದು ಕಷ್ಟವಾಯಿತು.

ಭೀಮಶಾನ ತಂಗಿ ನೀಲಗಂಗಾ ಈ ಮಾತನ್ನು ತಾನು ಕೆಲಸ ಮಾಡುವ ತಾಪಮಾಲೆ ಕೇಂದ್ರದ ಮುಖ್ಯಸ್ಥ ಡಾ. ಸುಂದರೇಶರ ಮುಂದೆ ಎಷ್ಟು ಸಲ ಹೇಳಿದ್ದಳೋ ಅವಳಿಗೇ ನೆನಪಿಲ್ಲ. ಸುಂದರೇಶರು ಒಳ್ಳೆಯ ಮನುಷ್ಯರೇ. ಪ್ರತಿ ಸಲವೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು, ತಲೆದೂಗುತ್ತಿದ್ದರು, ಕೊನೆಗೆ ಗೋಡೆಯಗಲದ ಪರದೆಯತ್ತ ಕೈ ತೋರಿಸುತ್ತಿದ್ದರು. ಒಳ್ಳೆಯ ಮನುಷ್ಯರ ಜೊತೆ ಜಗಳವಾಡುವಷ್ಟು ತಲೆನೋವಿನ ಕೆಲಸ ಬೇರೊಂದಿಲ್ಲ.

"ನಿಮ್ಮಣ್ಣನಿಗೆ ಹುಷಾರಿಲ್ಲ ಅಂದ್ರೆ ನನಗೂ ಬೇಜಾರೇ ಕಣಮ್ಮ. ಆದ್ರೆ ಕೆಮ್ಮನ್ನ ತಂದು ಕಂಪ್ಯೂಟರಿಗೆ ಹಾಕೋಕಾಗಲ್ಲ. ಹಾಸರಗಿಯ ಗಾಳಿ ಮಾಪಕ ಹಸಿರು ತೋರಿಸ್ತಿದೆ, ನೀವೇ ನೋಡಿ."

"ಸರ್, ಆ ಮಾಪಕ ಗುಡ್ಡದ ಮ್ಯಾಲ ಅದರಿ. ಬಿಸಿಗಾಳಿ ಮುಚ್ಚಳ ಬಿದ್ದಿರೋದು ಗುಡ್ಡದ ಸೊಂಟಕ್ಕ. ಊರಿರೋದು ಗುಡ್ಡದ ಕಾಲಾಗ. ಮಾಪಕಕ್ಕ ಊರಿನ ಗಾಳಿ ಎಲ್ಲಿಂದ ಗೊತ್ತಾಗಬೇಕು?"

"ಹಾಗಾದ್ರೆ ಊರಿನವರೇ ಕೇಳಲಿ. ಜಾಗ ಆರಿಸಿದ್ದು ಅವರು. ಅವರು ಬೇಡ ಅನ್ನದೆ ನಾನು ಮುಟ್ಟೋ ಹಾಗಿಲ್ಲ."

"ಇನ್ನೊಂದು ಮಾಪಕಾನಾದ್ರೂ ಕೊಡ್ರಿ."

"ತಾಲ್ಲೂಕಿಗೆ ಒಂದೇ. ಮುಂದಿನ ವರ್ಷ ನೋಡೋಣ."

ಪೇಟೆಯಲ್ಲಿ ಕೊಂಡಿದ್ದ ಅಂಗೈಯಗಲದ ಮಾಪಕವನ್ನು ಅವಳು ಮೇಜಿನ ಮೇಲಿಟ್ಟು, ಅದರಲ್ಲಿ ಮೂಡಿದ್ದ ಅಂಕಿಯನ್ನು ತೋರಿಸಿದ್ದೂ ಆಗಿತ್ತು. ಅಂಗಡಿ ಸಾಮಾನನ್ನು ಕೇಂದ್ರ ಒಪ್ಪುವುದಿಲ್ಲ ಎಂದು ಸುಂದರೇಶರು ಅದನ್ನು ಮೆಲ್ಲಗೆ ಅವಳತ್ತ ಸರಿಸಿದ್ದರು. ನೀಲಗಂಗಾಳಿಗೆ ಅದನ್ನು ಎತ್ತಿ ಪರದೆಯ ಮೇಲೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ. ಬ್ಯಾಗಿಗೆ ಹಾಕಿಕೊಂಡಳು.

ಆ ಪರದೆಯ ಮೇಲೆ ಪಡುವಣದಿಂದ ಮೂಡಣಕ್ಕೆ ಒಂದು ನೀಲಿ ಪಟ್ಟಿ ಬಳುಕುತ್ತಿತ್ತು. ಅದೇ ಜೆಟ್ ಹೊಳೆ. ನಮ್ಮ ತಲೆಯ ಮೇಲೆ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಚಳಿಗಾಲವಿಡೀ ರೈಲಿಗಿಂತ ಜೋರಾಗಿ ಓಡುವ ಗಾಳಿ. ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಅಕ್ಕಪಕ್ಕ ನಿಂತಲ್ಲಿ ಅದು ಹುಟ್ಟುತ್ತದೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚಿದಷ್ಟೂ ಅದರ ಓಟ ಹೆಚ್ಚು. ಎಲ್ಲ ಕಡೆಯೂ ಒಂದೇ ವೇಗವಲ್ಲ. ಅಲ್ಲಲ್ಲಿ ಅತಿ ರಭಸದ ಒಂದು ತಿರುಳಿರುತ್ತದೆ. ಆ ತಿರುಳು ತನ್ನಷ್ಟಕ್ಕೆ ಬಿಟ್ಟರೆ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ತಾಪಮಾಲೆ ಎಂದರೆ ಅದನ್ನು ಕಟ್ಟಿಹಾಕುವ ಹಗ್ಗ. ಮುನ್ನೂರು ಬಲೂನುಗಳು ಸಾಲಾಗಿ ಮೇಲೇರಿ ಹೊಳೆಯ ದಕ್ಷಿಣದ ದಂಡೆಗೆ ತೆಳುವಾಗಿ ಮಸಿಯ ಪುಡಿ ಉದುರಿಸುತ್ತವೆ. ಮಸಿ ಬಿಸಿಲನ್ನು ಹೀರಿ ಅಲ್ಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ವ್ಯತ್ಯಾಸ ಹೆಚ್ಚುತ್ತದೆ, ತಿರುಳು ಅಲ್ಲೇ ನಿಲ್ಲುತ್ತದೆ.

ತಿರುಳನ್ನು ದಾಟಿದ ಗಾಳಿ ಮುಂದೆ ವೇಗ ಕಳೆದುಕೊಳ್ಳುತ್ತದೆ. ಅಲ್ಲಿ ಹೊಳೆಯ ಎಡಮಗ್ಗುಲಲ್ಲಿ ನೆಲದ ಗಾಳಿ ಮೇಲಕ್ಕೆ ಏಳುತ್ತದೆ, ಬಲಮಗ್ಗುಲಲ್ಲಿ ಮೇಲಿನ ಗಾಳಿ ನೆಲದತ್ತ ಕುಸಿಯುತ್ತದೆ. ಇದು ಯಾರೂ ಮಾಡಿದ್ದಲ್ಲ, ಗಾಳಿಯ ಗುಣ. ಮನುಷ್ಯ ಮಾಡಿದ್ದಿಷ್ಟೇ. ಎಡಮಗ್ಗುಲು ಸದಾ ಉತ್ತರದ ಮಹಾನಗರಗಳ ಮೇಲೆಯೇ ಇರುವಂತೆ ತಿರುಳನ್ನು ಕಟ್ಟಿಹಾಕಿದ. ಚಳಿಗಾಲ ಬಂದರೆ ಹೊಗೆಯಲ್ಲಿ ಮುಳುಗಿ ಶಾಲೆ ಮುಚ್ಚುತ್ತಿದ್ದ ಊರುಗಳವು. ಈಗ ಅಲ್ಲಿನ ಹೊಗೆಯೆಲ್ಲ ಚಿಮಣಿ ಸೇದಿದಂತೆ ಮೇಲೆ ಹೋಗುತ್ತಿತ್ತು. ಕೋಟಿಗಟ್ಟಲೆ ಜನ ನಕ್ಷತ್ರ ನೋಡಿದರು. ಅದು ಸಣ್ಣ ಮಾತಲ್ಲ ಎಂದು ನೀಲಗಂಗಾಳೂ ಒಪ್ಪುತ್ತಿದ್ದಳು. ಆ ಕೆಲಸಕ್ಕೆಂದೇ ಅವಳು ಇಲ್ಲಿ ಸೇರಿದ್ದು.

ಬಲಮಗ್ಗುಲಿಗೆ ಸಿಕ್ಕಿದ್ದು ಕಲಬುರಗಿಯ ಬಯಲು. ಮೇಲಿನಿಂದ ಕುಸಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ, ಸೈಕಲ್ ಪಂಪಿನ ತಳದಂತೆ ಬಿಸಿಯಾಗುತ್ತದೆ. ಆ ಬಿಸಿಗಾಳಿ ನೆಲದ ತಣ್ಣನೆಯ ಗಾಳಿಯ ಮೇಲೆ ಬಂದು ಕೂತರೆ ಕೆಳಗಿನದು ಮೇಲೇಳಲಾರದು. ಪಾತ್ರೆಗೆ ಮುಚ್ಚಳ ಬಿದ್ದ ಹಾಗೆ. ಹಾಗಾಗಬಹುದೆಂದು ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೇ ತಾಲ್ಲೂಕಿಗೊಂದು ಮಾಪಕ ನೆಟ್ಟು, ಯಾವುದೇ ಮಾಪಕ ಒಂದು ವಾರ ಬಿಡದೆ ಕೆಂಪು ತೋರಿಸಿದರೆ ತಿರುಳನ್ನು ಸಡಿಲಿಸುತ್ತೇವೆ ಎಂದು ಮಾತು ಕೊಟ್ಟಿತ್ತು. ಮಾತಿಗೆ ತಪ್ಪಿದ್ದೂ ಇಲ್ಲ. ಹಾಸರಗಿ ಒಂದು ದಿನವೂ ಕೆಂಪು ತೋರಿಸಲೇ ಇಲ್ಲ.

ಹಾಸರಗಿ ಹಾಸುಗಲ್ಲಿನ ಊರು. ಕಾಗಿಣಾ ನದಿಯ ದಂಡೆಯಲ್ಲಿ ಫರಸಿ ಕಲ್ಲು ತೆಗೆದು, ಕೊಯ್ದು, ಪಾಲಿಶ್ ಮಾಡಿ ದೇಶಕ್ಕೆಲ್ಲ ಕಳಿಸುವ ಊರು. ಮನೆಯ ನೆಲವೂ ಕಲ್ಲು, ಮಾಡೂ ಕಲ್ಲು, ಹೊಲದ ಬೇಲಿಯೂ ಕಲ್ಲು. ಧೂಳು ಮೊದಲೂ ಇತ್ತು. ಆದರೆ ಚಳಿಗಾಲದ ಗಾಳಿ ಬಂದು ಮಧ್ಯಾಹ್ನದೊಳಗೆ ಅದನ್ನು ನದಿಯಾಚೆ ಒಯ್ಯುತ್ತಿತ್ತು. ತಾಪಮಾಲೆ ಬಂದ ಮೇಲೆ ಇವತ್ತಿನ ಧೂಳು ನಾಳೆಗೂ ಉಳಿಯಿತು, ನಾಳೆಯದು ಅದರ ಮೇಲೆ ಸೇರಿತು. ಜನ ಬಾಗಿಲಿಗೆ ಒದ್ದೆ ಧೋತರ ಕಟ್ಟಿದರು. ರೊಟ್ಟಿ ಬಡಿಯುವ ಹೆಂಗಸರು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿಕೊಂಡೇ ಬಡಿದರು. ಮಷೀನು ನಿಲ್ಲಿಸಿರಿ ಎಂದರೆ ಊಟಕ್ಕೇನು ಮಾಡಬೇಕು ಎಂದು ಕೇಳಿದರು.

ಭೀಮಶಾ ಇಪ್ಪತ್ತು ವರ್ಷ ಪಾಲಿಶ್ ಮಷೀನಿನ ಮುಂದೆ ಕೂತವನು. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿದ್ದು ಆ ದುಡಿಮೆಯೇ. ಅವನ ಪುಪ್ಪುಸದಲ್ಲಿ ಕಲ್ಲಿನ ಪುಡಿ ಕೂತುಬಿಟ್ಟಿತ್ತು. ಶುದ್ಧ ಗಾಳಿ ಸಿಕ್ಕರೆ ಇನ್ನೂ ಬಹಳ ವರ್ಷ ಬಾಳುತ್ತಾನೆ, ಸಿಗದಿದ್ದರೆ ಈ ಚಳಿಗಾಲ ದಾಟುವುದು ಅನುಮಾನ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕಲಬುರಗಿಗೆ ಕರೆದೊಯ್ಯೋಣವೆಂದರೆ ಅದೂ ಇದೇ ಮುಚ್ಚಳದ ಕೆಳಗಿತ್ತು.

ಮಾಪಕ ಗುಡ್ಡ ಹತ್ತಿದ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕೇಂದ್ರದ ಹುಡುಗರು ಅದನ್ನು ಬಜಾರಿನ ನಡುವೆ ನೆಡಲೆಂದೇ ತಂದಿದ್ದರು. ಊರ ಹಿರಿಯ ಚೆನ್ನಬಸಪ್ಪ ಮಾಲಿಪಾಟೀಲರು ಅಡ್ಡ ಬಂದರು. ಸರ್ಕಾರ ಇಷ್ಟು ಮರ್ಯಾದೆಯಿಂದ ಊರಿಗೊಂದು ಯಂತ್ರ ಕೊಟ್ಟಿದೆ, ಅದನ್ನು ಗಟಾರದ ಪಕ್ಕ, ಎಮ್ಮೆ ಮೈ ತಿಕ್ಕುವಲ್ಲಿ ನಿಲ್ಲಿಸುವುದೇ? ದೊಡ್ಡದನ್ನು ಎತ್ತರದಲ್ಲಿ ಇಡಬೇಕು. ಹಲಗೆ ಬಾರಿಸುತ್ತ ಬೋಳಗುಡ್ಡದ ಮೇಲೆ, ಮಲ್ಲಯ್ಯನ ಗುಡಿಯ ಕಟ್ಟೆಗೆ ಒಯ್ದು ನಿಲ್ಲಿಸಿದರು. ತೆಂಗಿನಕಾಯಿ ಒಡೆದು ವಿಭೂತಿ ಹಚ್ಚಿದರು. ಅದನ್ನು ದಿನಾ ಒರೆಸಿ ನೋಡಿಕೊಳ್ಳುವ ಕೆಲಸ ಭೀಮಶಾನಿಗೆ ಬಂತು. ಮಷೀನು ಬಿಟ್ಟು ಮನೆಯಲ್ಲಿ ಕೂತಿದ್ದ ಅವನಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಶುರುವಾದದ್ದು ನಂಬಿಕೆ. ಭೀಮಶಾ ಬೆಳಿಗ್ಗೆ ಕೆಮ್ಮುತ್ತ ಗುಡ್ಡ ಹತ್ತುತ್ತಿದ್ದ, ಯಂತ್ರದ ಪಕ್ಕ ಕೂತರೆ ಉಸಿರು ಸಲೀಸಾಗುತ್ತಿತ್ತು. ಸಂಜೆ ಮನೆಗೆ ಇಳಿದರೆ ಮತ್ತೆ ಕೆಮ್ಮು. ಉಳಿದವರೂ ಹೋಗಿ ನೋಡಿದರು, ಅವರಿಗೂ ಹಾಗೇ ಆಯಿತು. ಯಂತ್ರ ಒಳ್ಳೆಯ ಗಾಳಿ ಬಿಡುತ್ತದೆ ಎಂದು ಇಡೀ ಊರಿಗೆ ಖಾತ್ರಿಯಾಯಿತು. ಕೆಮ್ಮಿನವರೆಲ್ಲ ಬುತ್ತಿ ಕಟ್ಟಿಕೊಂಡು ಖಾಜಾನ ಟಂಟಂ ಆಟೋ ಹತ್ತಿ ಗುಡ್ಡಕ್ಕೆ ಹೋಗಿ ಯಂತ್ರದ ಸುತ್ತ ಕೂರತೊಡಗಿದರು. ಅಲ್ಲೊಂದು ಚಹದಂಗಡಿಯೂ ಬಂತು.

"ಅಣ್ಣಾ, ಅದು ಗಾಳಿ ಬಿಡಂಗಿಲ್ಲ. ಗಾಳಿ ಅಳೀತದ, ಅಷ್ಟ. ಗುಡ್ಡ ಎತ್ತರ ಅದ, ಅದಕ್ಕ ಅಲ್ಲಿ ಗಾಳಿ ಛಲೋ ಅದ," ಎಂದು ನೀಲಗಂಗಾ ನೂರು ಸಲ ಹೇಳಿದ್ದಳು.

"ಗುಡ್ಡ ಮೊದಲೂ ಎತ್ತರ ಇತ್ತಲ್ಲವ್ವಾ? ಆವಾಗ ಯಾರಾದ್ರೂ ಉಸಿರಿಗಂತ ಗುಡ್ಡಾ ಹತ್ತಿದ್ರೇನು?" ಎಂದು ಭೀಮಶಾ ನಗುತ್ತಿದ್ದ. ಆವಾಗ ಮುಚ್ಚಳವಿರಲಿಲ್ಲ ಎಂದು ಅವಳು ಹೇಳುವಷ್ಟರಲ್ಲಿ ಅವನು ಅರಿವೆ ಹಿಡಿದು ಯಂತ್ರ ಒರೆಸಲು ಹೊರಟಿರುತ್ತಿದ್ದ.

ಸುಂದರೇಶರು ಊರಿನವರೇ ಕೇಳಲಿ ಎಂದ ಮಾರನೆಯ ದಿನ ನೀಲಗಂಗಾ ರಜೆ ಹಾಕಿ ಊರಿಗೆ ಬಂದಳು. ಮಾಲಿಪಾಟೀಲರ ಕಟ್ಟೆಯ ಮೇಲೆ ಹತ್ತಾರು ಜನ ಸೇರಿದ್ದರು. ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಡ್ಡ ಬರೆದಳು, ಊರು ಬರೆದಳು, ನಡುವೆ ಮುಚ್ಚಳದ ಗೆರೆ ಎಳೆದಳು. ಮೇಲೆ ಹೊಳೆ ಬರೆದಳು. ಗಂಟಲು ಒಣಗುವವರೆಗೆ ವಿವರಿಸಿದಳು. ಎಲ್ಲರೂ ಭಕ್ತಿಯಿಂದ ಕೇಳಿದರು.

"ಭಾಳ ಛಂದ ಹೇಳ್ದಿ ತಂಗಿ," ಎಂದರು ಮಾಲಿಪಾಟೀಲರು. "ಆದ್ರ ಏರಿಸಿ ಕುಂದ್ರಿಸಿದ್ದನ್ನ ಇಳಿಸಬಾರ್ದವ್ವ. ಊರಿಗೆ ಛಲೋ ಆಗಂಗಿಲ್ಲ. ಮತ್ತ ಉಸಿರಿನ ಮಂದಿ ಅಷ್ಟೂ ಅದರ ಆಸರಕ್ಕ ಅದಾರ."

ಪಕ್ಕದಲ್ಲಿ ಭೀಮಶಾನ ಹೆಂಡತಿ ಗುರುಬಾಯಿ ಕೂತಿದ್ದಳು. ಗಂಡ ರಾತ್ರಿಯಿಡೀ ಗೋಡೆಗೊರಗಿ ಕೂತೇ ಕಳೆಯುವುದನ್ನು ನೋಡಿ ನೋಡಿ ಅವಳ ಕಣ್ಣು ಗುಳಿಬಿದ್ದಿದ್ದವು. ಅವಳು ತನ್ನಷ್ಟಕ್ಕೆ ಎಂಬಂತೆ, "ಅದು ಊರಾಗ ಇದ್ದಿದ್ರ ರಾತ್ರಿ ಸುದ್ಧಾ ಇವರಿಗೆ ಗಾಳಿ ಸಿಗ್ತಿತ್ತೇನೋ," ಎಂದಳು.

ಎಲ್ಲರೂ ನೀಲಗಂಗಾಳತ್ತ ತಿರುಗಿದರು. ಹೌದಲ್ಲ, ಗುಡ್ಡದ ಮೇಲೆ ಇಷ್ಟು ಗಾಳಿ ಕೊಡುವ ಯಂತ್ರ ಬಜಾರಿನಲ್ಲಿದ್ದರೆ?

ಅಲ್ಲ ಎನ್ನಬೇಕಿತ್ತು. ನೀಲಗಂಗಾಳಿಗೆ ಅದು ಗೊತ್ತಿತ್ತು. ಆದರೆ ಅವಳಿಗೆ ಸಾಕಾಗಿಹೋಗಿತ್ತು. ಅಲ್ಲಿ ನಿಜ ಹೇಳಿದರೆ ಪರದೆ ತೋರಿಸುತ್ತಾರೆ, ಇಲ್ಲಿ ನಿಜ ಹೇಳಿದರೆ ಛಂದ ಹೇಳಿದೆ ಎನ್ನುತ್ತಾರೆ. ನಿಜವನ್ನು ಕಟ್ಟಿಕೊಂಡು ಏನು ಮಾಡುವುದು? ಒಂದೇ ವಾರದ ಮಾತು. ಕೆಂಪು ಬರಲಿ, ತಿರುಳು ಸರಿಯಲಿ, ಅಣ್ಣ ಉಳಿಯಲಿ.

"ನಿಮಗ ಹಂಗ ಅನಸ್ತಿದ್ರ ಇಳಿಸಿ ನೋಡ್ರಿ," ಎಂದಳು.

ಯಂತ್ರ ಹಲಗೆಯ ಸದ್ದಿನೊಂದಿಗೇ ಕೆಳಗಿಳಿಯಿತು. ಬಜಾರಿನ ಗಟಾರವನ್ನು ಅವತ್ತು ಮೊದಲ ಬಾರಿ ಸ್ವಚ್ಛ ಮಾಡಿದರು. ಭೀಮಶಾನೇ ಕಂಬ ನೆಟ್ಟು ಬೋಲ್ಟು ಬಿಗಿದ. ಸ್ವಿಚ್ಚು ಹಾಕಿದ ಗಳಿಗೆಯಲ್ಲೇ ಹಸಿರು ದೀಪ ಹಳದಿಯಾಯಿತು, ಹಳದಿ ಕೆಂಪಾಯಿತು. ಯಂತ್ರ ಈಗ ಜೋರಾಗಿ ದುಡಿಯುತ್ತಿದೆ ಎಂದು ಜನ ಕೈಮುಗಿದರು.

ಕೇಂದ್ರದ ಪರದೆಯ ಮೇಲೂ ಹಾಸರಗಿ ಕೆಂಪಾಯಿತು. ಸುಂದರೇಶರು ಕುರ್ಚಿಯಿಂದ ಎದ್ದೇ ನಿಂತರು. ಅಂಕಿಗಳನ್ನು ಎರಡು ಸಲ ನೋಡಿದರು, ಮೂರನೆಯ ಸಲವೂ ನೋಡಿದರು.

"ಇಷ್ಟೊಂದಾ?" ಎಂದರು. ಅವರ ಮುಖ ಕಳೆಗುಂದಿತ್ತು. "ನೀವು ಹೇಳಿದ್ದು ಸರಿ ನೀಲಗಂಗಾ. ತಪ್ಪಾಯ್ತು. ವಾರ ತುಂಬಿದ ಕೂಡಲೇ ನಾನೇ ತಿರುಳನ್ನ ಸಡಿಲಿಸ್ತೀನಿ, ಯಾರ ಮಾತೂ ಕೇಳಲ್ಲ. ಅದಕ್ಕಿಂತ ಮುಂಚೆ ಮಾತ್ರ ಕೈಕಟ್ಟಿದೆ. ನಡುವೆ ಒಂದು ಗಂಟೆ ಹಸಿರಾದರೂ ಲೆಕ್ಕ ಮತ್ತೆ ಮೊದಲಿಂದ."

ಅವಳು ಆ ವಾರ ಕೇಂದ್ರ ಬಿಟ್ಟು ಕದಲಲಿಲ್ಲ. ಕೆಂಪು ಚುಕ್ಕೆಯನ್ನು ನೋಡುತ್ತಲೇ ಊಟ, ನೋಡುತ್ತಲೇ ಚಹ. ಬಲೂನುಗಳನ್ನು ಪೂರ್ವಕ್ಕೆ ಸರಿಸುವ ಲೆಕ್ಕವನ್ನೆಲ್ಲ ಮೊದಲೇ ಮಾಡಿ ಸಿದ್ಧವಿಟ್ಟಳು. ಬಲಮಗ್ಗುಲು ಬಂಗಾಳ ಕೊಲ್ಲಿಯ ನೀರಿನ ಮೇಲೆ ಬರುವಂತೆ ಮಾಡಿದರೆ ಯಾರಿಗೂ ತೊಂದರೆಯಿಲ್ಲ, ಉತ್ತರದ ಊರುಗಳಿಗೂ ಅರ್ಧ ಪಾಲು ಸಿಗುತ್ತದೆ. ಇಷ್ಟು ಸುಲಭದ್ದನ್ನು ಯಾಕೆ ಯಾರೂ ಮಾಡಲಿಲ್ಲ ಎಂದು ಅವಳಿಗೆ ಮತ್ತೆ ಸಿಟ್ಟು ಬಂತು.

ವಾರ ತುಂಬಲು ಒಂದೇ ದಿನ ಬಾಕಿಯಿದ್ದಾಗ ಗುರುಬಾಯಿಯ ಫೋನು ಬಂತು.

"ನೀಲಾ, ನಿಮ್ಮಣ್ಣ ಮಾತಾಡವಲ್ಲರು. ತುಟಿ ನೀಲಿ ಆಗ್ಯಾವ."

"ಎಲ್ಲದಾರ ವೈನಿ? ಗುಡ್ಡದ ಮ್ಯಾಲ ಕರ್ಕೊಂಡು ಹೋಗಿಲ್ಲೇನು?"

"ಗುಡ್ಡದಾಗ ಏನದ? ಯಂತ್ರ ಬಜಾರದಾಗ ಅದಲ್ಲ. ಹಗಲೂ ರಾತ್ರಿ ಅದರ ಬಾಜೂಕ ಕುಂತಾರ."

ಪರದೆಯ ಮೇಲೆ ಕೆಂಪು ಚುಕ್ಕೆ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಆ ಚುಕ್ಕೆಯ ಪಕ್ಕದಲ್ಲೇ ಅಣ್ಣ ಕೂತಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಇಷ್ಟೆಲ್ಲ ಲೆಕ್ಕ ಹಾಕುವ ತಲೆಗೆ ಇಷ್ಟು ಸಣ್ಣದು ಹೊಳೆಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದಳು.

ಬಜಾರಿನಲ್ಲಿ ಮಧ್ಯಾಹ್ನವೇ ಮಬ್ಬಾಗಿತ್ತು. ಗುಡ್ಡದ ಮೇಲೆ ಕೂರುತ್ತಿದ್ದ ಕೆಮ್ಮಿನವರೆಲ್ಲ ಈಗ ಯಂತ್ರದ ಸುತ್ತ ಚಾಪೆ ಹಾಸಿದ್ದರು. ಚಹದಂಗಡಿಯೂ ಇಳಿದು ಬಂದಿತ್ತು. ನಡುವೆ ಭೀಮಶಾ ಕಂಬಕ್ಕೆ ಬೆನ್ನು ಕೊಟ್ಟು, ಬಾಯಿ ತೆರೆದು ಕೂತಿದ್ದ. ಅವನ ಕೊರಳಿನ ಗುಳಿ ಒಳಗೆ ಹೋಗಿ ಹೋಗಿ ಬರುತ್ತಿತ್ತು.

"ಅಣ್ಣಾ, ಏಳು. ಗುಡ್ಡಕ್ಕ ಹೋಗಮು."

ಅವನು ತಲೆಯಾಡಿಸಿದ. ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಯಿತು. "ಯಂತ್ರ... ಇಲ್ಲದ. ಬಿಟ್ಟು... ಹೆಂಗ ಬರ್ಲಿ?"

"ಅದು ಗಾಳಿ ಕೊಡಂಗಿಲ್ಲ ಅಣ್ಣಾ! ನಾ ನಿನಗ ನೂರು ಸಲ ಹೇಳೀನಿ!"

"ನೀನೇ ಇಳಿಸಿ ನೋಡ್ರಿ ಅಂದೆಲ್ಲವ್ವ," ಎಂದರು ಮಾಲಿಪಾಟೀಲರು. ಅವರ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. "ಕೆಂಪು ದೀಪ ಹತ್ತಿ ಭಾಳ ದಿನ ಆಗಿಲ್ಲ. ಇನ್ನೊಂದೀಟು ತಡೀಬೇಕು."

ಇನ್ನೊಂದೀಟು. ಅವಳದೂ ಅದೇ ಲೆಕ್ಕವಾಗಿತ್ತು. ನಾಳೆ ಇಷ್ಟು ಹೊತ್ತಿಗೆ ತಿರುಳು ಸರಿಯುತ್ತದೆ, ನಾಡಿದ್ದು ಗಾಳಿ ಬೀಸುತ್ತದೆ. ಆದರೆ ಈ ಕೊರಳಿನ ಗುಳಿ ನಾಡಿದ್ದಿನವರೆಗೆ ಹೋಗಿಬಂದು ಮಾಡೀತೆಂಬ ಭರವಸೆ ಅವಳಿಗಿರಲಿಲ್ಲ. ಖಾಲಿ ಡಬ್ಬವೊಂದನ್ನು ಯಂತ್ರವೆಂದು ಒಯ್ಯೋಣವೆಂದರೆ ಆ ಯಂತ್ರವನ್ನು ದಿನಾ ಮೈತಿಕ್ಕಿ ಬಲ್ಲವನು ಅವನೇ. ರಟ್ಟೆ ಹಿಡಿದು ಎಳೆದಳು. ಅಷ್ಟು ಬಡವಾದ ಮೈಯಲ್ಲಿ ಎಲ್ಲಿತ್ತೋ ಬಲ, ಅವನು ಕಂಬವನ್ನು ತಬ್ಬಿಕೊಂಡ. ಇನ್ನೂ ಎಳೆದರೆ ಇರುವ ಉಸಿರೂ ಹೋಗುತ್ತಿತ್ತು.

ನೀಲಗಂಗಾ ಕೈಬಿಟ್ಟಳು. ಖಾಜಾನ ಟಂಟಮ್ಮಿನಿಂದ ಪಾನಾ ತಂದು ಬೋಲ್ಟು ಬಿಚ್ಚತೊಡಗಿದಳು.

"ಏ ತಂಗಿ, ಏನ್ ಮಾಡ್ಲಕತ್ತಿ?" ಎಂದು ಮಾಲಿಪಾಟೀಲರು ಎದ್ದರು. "ಇಳಿಸು ಅಂದಾಕಿನೂ ನೀನ, ಏರಿಸಾಕಿನೂ ನೀನ?"

"ಹೌದ್ರಿ ಕಾಕಾ. ನನ್ನದ ತಪ್ಪಾಯ್ತು. ಯಂತ್ರಕ್ಕ ಗುಡ್ಡದ ಜಾಗಾನೇ ಛಲೋ."

ಹಾಗೆ ಹೇಳುವಾಗ ಅವಳಿಗೆ ಅಳು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಓದಿದ ಅಷ್ಟೂ ವಿದ್ಯೆ, ಕಟ್ಟೆಯ ಮೇಲೆ ಬರೆದ ಅಷ್ಟೂ ಸೀಮೆಸುಣ್ಣ ಆ ಒಂದು ವಾಕ್ಯದಲ್ಲಿ ನೀರಾಗಿ ಹೋಗಿತ್ತು.

ಯಂತ್ರವನ್ನು ಬ್ಯಾಟರಿ ಸಮೇತ ತೊಡೆಯ ಮೇಲಿಟ್ಟುಕೊಂಡು ಅವಳು ಟಂಟಂ ಹತ್ತಿದಳು. ಯಂತ್ರದ ಹಿಂದೆಯೇ ಭೀಮಶಾ ಹತ್ತಿದ, ಗುರುಬಾಯಿ ಅವನನ್ನು ಹಿಡಿದು ಕೂತಳು. ಖಾಜಾ ಗೇರು ಬದಲಿಸುತ್ತ ಏರಿಸಿದ. ಅರ್ಧ ದಾರಿಯಲ್ಲಿ ಮಬ್ಬು ತೆಳುವಾಯಿತು, ಇನ್ನೊಂದು ತಿರುವಿಗೆ ಇದ್ದಕ್ಕಿದ್ದಂತೆ ಬಿಸಿಲು. ಮೇಲೆ ನೀಲಿ ಆಕಾಶ, ಕೆಳಗೆ ಬೂದಿಯ ಬಣ್ಣದ ಬಯಲು. ಊರಿನ ಒಂದು ಮಾಡೂ ಕಾಣುತ್ತಿರಲಿಲ್ಲ.

ಗುಡಿಯ ಕಟ್ಟೆಯ ಮೇಲೆ ಅವಳು ಯಂತ್ರವನ್ನು ಇಳಿಸಿದಳು. ಭೀಮಶಾ ಅದರ ಪಕ್ಕ ಕುಸಿದು ಕೂತು ಕಣ್ಣು ಮುಚ್ಚಿದ. ಕೆಂಪು ದೀಪ ಹಳದಿಯಾಯಿತು. ಗುರುಬಾಯಿ ಗಂಡನ ತುಟಿಯನ್ನೇ ನೋಡುತ್ತಿದ್ದಳು. ನೀಲಗಂಗಾ ದೀಪವನ್ನೇ ನೋಡುತ್ತಿದ್ದಳು, ಇನ್ನು ಸ್ವಲ್ಪ ಹೊತ್ತು ಹಾಗೇ ಇರು ಎಂದು ಮನಸ್ಸಿನಲ್ಲೇ ಅಂಗಲಾಚಿದಳು. ಅದು ಹಸಿರಾಯಿತು.

ಒಂದು ಗಂಟೆ ಕಳೆದ ಮೇಲೆ ಫೋನು ಬಂತು. ಸುಂದರೇಶರು.

"ನೀಲಗಂಗಾ, ಹಾಸರಗಿ ಹಸಿರಾಗಿಬಿಟ್ಟಿದೆ! ಲೆಕ್ಕ ಕಡಿದುಹೋಯ್ತು. ಒಂದೇ ಒಂದು ದಿನ ಇತ್ತಲ್ರೀ! ಯಾರಾದರೂ ಮಾಪಕ ಮುಟ್ಟಿದ್ರಾ?"

"ನಾನೇ ಸರ್. ಗುಡ್ಡದ ಮ್ಯಾಲ ತಂದೀನ್ರಿ."

"ಮತ್ತೆ ಕೆಳಗೆ ಇಡಿಸ್ತೀರಾ?"

ಕೆಳಗಿನಿಂದ ಟಂಟಮ್ಮಿನ ಸದ್ದು ಕೇಳಿತು. ಖಾಜಾ ಎರಡನೆಯ ಸುತ್ತಿನಲ್ಲಿ ಕೆಮ್ಮಿನವರನ್ನು ತುಂಬಿಕೊಂಡು ಬರುತ್ತಿದ್ದ. ಹಿಂದೆ ಚಾಪೆ ಹೊತ್ತವರು ನಡೆದೇ ಏರುತ್ತಿದ್ದರು.

"ಇಲ್ಲ ಸರ್," ಎಂದು ಅವಳು ಫೋನು ಇಟ್ಟಳು.

ಭೀಮಶಾ ಕಣ್ಣು ತೆರೆದಿದ್ದ. ತುಟಿಯಲ್ಲಿ ಬಣ್ಣ ಮರಳುತ್ತಿತ್ತು. ಅವನು ತಂಗಿಯನ್ನು ನೋಡಿ ಚಿಕ್ಕಂದಿನಲ್ಲಿ ಗೋಲಿಯಾಟದಲ್ಲಿ ಗೆದ್ದಾಗ ನಗುತ್ತಿದ್ದಂತೆ ನಕ್ಕ.

"ನೋಡ್ದಿ? ಈಗ ಉಸಿರು ಹತ್ತಿತು. ಇದಕ್ಕ ಇದರ ಜಾಗಾದಾಗ ಕುಂದ್ರಿಸಿದ್ರ ಮಾತ್ರ ಕೆಲಸ ಮಾಡ್ತದ. ನೀ ಇಷ್ಟು ಓದಿದಾಕಿ, ನಂಬಲೇ ಇಲ್ಲ."

ನೀಲಗಂಗಾಳ ಬಾಯಲ್ಲಿ ಉತ್ತರ ತುಂಬಿಕೊಂಡಿತ್ತು. ಹೊಳೆ, ತಿರುಳು, ಎಡಮಗ್ಗುಲು, ಬಲಮಗ್ಗುಲು, ಎಲ್ಲ.

"ಹೌದಣ್ಣಾ," ಎಂದಳು. "ನೀ ಹೇಳಿದ್ದು ಖರೆ."

"ಮತ್ತ ಅದರ ಮಾರಿ ಒರಸು. ಕೆಳಗ ಭಾಳ ಧೂಳ ತಿಂದದ ಪಾಪ."

ಅವಳು ಸೆರಗಿನ ತುದಿ ತೆಗೆದುಕೊಂಡು ಯಂತ್ರದ ಮುಖವನ್ನು ಮೆಲ್ಲಗೆ ಒರೆಸಿದಳು. ಗಾಜಿನ ಮೇಲಿನ ಧೂಳು ಹೋದ ಮೇಲೆ ದೀಪ ಇನ್ನಷ್ಟು ಹಸಿರಾಗಿ ಕಂಡಿತು.